ಚಹಾದಲ್ಲಿ ಬೆರೆಸಿ ಕೊಡುವ ಮದ್ದು

“ಡಾಕ್ಟ್ರೇ, ಅವನಿಗೆ ಗೊತ್ತಾಗದ ಹಾಗೆ ಚಹಾದಲ್ಲಿ ಬೆರೆಸಿ ಕೊಡುವಂಥ ಮದ್ದು ಏನಾದರೂ ಇದೆಯಾ?”

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಯುನಾನಿ ವೈದ್ಯನಾಗಿ ಕುಳಿತವನಿಗೆ ಮತ್ತೆ ಮತ್ತೆ ಎದುರಾಗುವ ಪ್ರಶ್ನೆ ಇದು. ಕೇಳುವವರು ಹೆಚ್ಚಾಗಿ ತಾಯಂದಿರು, ಹೆಂಡತಿಯರು. ಮಗ ರಾತ್ರಿಯಿಡೀ ನಿದ್ದೆ ಮಾಡುವುದಿಲ್ಲ, ಒಬ್ಬನೇ ಮಾತನಾಡುತ್ತಾನೆ, ಪಕ್ಕದ ತೋಟದವರು ಮಾಟ ಮಾಡಿಸಿದ್ದಾರೆ ಎನ್ನುತ್ತಾನೆ. ಆಸ್ಪತ್ರೆಗೆ ಹೋಗೋಣ ಎಂದರೆ “ನನಗೇನಾಗಿದೆ?” ಎಂದು ಎಗರಿ ಬೀಳುತ್ತಾನೆ. ಇಲ್ಲವೇ ಗಂಡ ಗುಟ್ಟಾಗಿ ಕುಡಿಯುತ್ತಾನೆ, ಜಮಾಅತಿನವರಿಗೆ ತಿಳಿದರೆ ಮಾನ ಹೋಗುತ್ತದೆ. ಹಾಗಾಗಿ ಚಹಾದಲ್ಲಿ, ಸಾರಿನಲ್ಲಿ, ಗಂಜಿಯಲ್ಲಿ ಬೆರೆಸುವ ಮದ್ದು ಬೇಕು. ಈ ಬೇಡಿಕೆಯ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: “ಯಾರಿಗೂ ಹೇಳಬೇಡಿ.”

ಎರಡೂ ಬೇಡಿಕೆಗಳು ಗುಟ್ಟಿನ ಬಗ್ಗೆಯೇ ಇವೆ. ಆದರೆ ಒಂದು ರೋಗಿಯಿಂದಲೇ ಮುಚ್ಚಿಡಿ ಎನ್ನುತ್ತದೆ, ಇನ್ನೊಂದು ರೋಗಿಯ ವಿಷಯವನ್ನು ಊರಿನಿಂದ ಮುಚ್ಚಿಡಿ ಎನ್ನುತ್ತದೆ. ಎರಡನೆಯದು ರೋಗಿಯ ಹಕ್ಕು. ಮೊದಲನೆಯದನ್ನು ಕೇಳುವ ಹಕ್ಕು ಯಾರಿಗೂ ಇಲ್ಲ. ನಮ್ಮಲ್ಲಿ ನಡೆಯುತ್ತಿರುವುದು ಇದರ ತಿರುವುಮುರುವು. ಏನು ಮದ್ದು ಕೊಡುತ್ತಿದ್ದಾರೆ ಎಂಬುದು ರೋಗಿಗೆ ಗೊತ್ತಿರುವುದಿಲ್ಲ, ರೋಗ ಏನು ಎಂಬುದು ಮಾತ್ರ ಬಸ್ ನಿಲ್ದಾಣದವರೆಗೂ ಗೊತ್ತಿರುತ್ತದೆ.

ಈ ವಿಷಯ ಬರೆಯಲು ಹೊರಟಾಗ ನನಗೆ ನೆನಪಾದವರು ಡಾ. ಸಿ.ಆರ್. ಚಂದ್ರಶೇಖರ್. ಕನ್ನಡ ಓದುವ ಮನೆಗಳಿಗೆ ಅವರ ಪರಿಚಯ ಹೇಳಬೇಕಾಗಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ದಶಕಗಳ ಕಾಲ ಮನೋವೈದ್ಯರೂ ಪ್ರಾಧ್ಯಾಪಕರೂ ಆಗಿದ್ದವರು, ಮಾನಸಿಕ ಆರೋಗ್ಯದ ಬಗ್ಗೆ ಕನ್ನಡದಲ್ಲಿ ನೂರಕ್ಕೂ ಹೆಚ್ಚು ಪುಸ್ತಕಗಳನ್ನು ಬರೆದವರು, 2024ರಲ್ಲಿ ಪದ್ಮಶ್ರೀ ಪಡೆದವರು. ಆದರೆ ನಾನು ಅವರನ್ನು ಇಲ್ಲಿ ತರುವುದು ಪ್ರಶಸ್ತಿಗಾಗಿ ಅಲ್ಲ. ವೈದ್ಯಕೀಯ ನೀತಿ ಎಂದರೆ ಕಾಲೇಜಿನಲ್ಲಿ ಕೊನೆಯ ವರ್ಷ ಓದಿ ಮರೆಯುವ ಒಂದು ಅಧ್ಯಾಯ ಎಂದುಕೊಂಡವರೇ ನಮ್ಮಲ್ಲಿ ಹೆಚ್ಚು. ಅವರ ವೃತ್ತಿಜೀವನವನ್ನು ಸಾಲಾಗಿ ಇಟ್ಟು ನೋಡಿದರೆ, ಆ ಅಧ್ಯಾಯವನ್ನು ಒಬ್ಬ ಮನುಷ್ಯ ನಲವತ್ತು ವರ್ಷ ಕೆಲಸವಾಗಿ ಮಾಡಿದಂತೆ ನನಗೆ ಕಾಣುತ್ತದೆ.

ಅವರು ಕೆಲಸ ಶುರುಮಾಡಿದ ಕಾಲವನ್ನು ಸ್ವಲ್ಪ ನೆನೆಯಬೇಕು. 1970ರ ದಶಕದಲ್ಲಿ ಮನೋರೋಗಕ್ಕೆ ಚಿಕಿತ್ಸೆ ಎಂದರೆ ದೊಡ್ಡ ಊರಿನ ಹುಚ್ಚಾಸ್ಪತ್ರೆ. ಎತ್ತರದ ಗೋಡೆ, ಬೀಗ. ಒಳಗೆ ಬಿಟ್ಟು ಬಂದ ಮನೆಯವರು ಎಷ್ಟೋ ಸಲ ಮತ್ತೆ ಆ ಕಡೆ ತಲೆ ಹಾಕುತ್ತಿರಲಿಲ್ಲ. ಬೆಂಗಳೂರಿನ ಹಳೆಯ ಮಾನಸಿಕ ಆಸ್ಪತ್ರೆ ಮತ್ತು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಎರಡೂ ಸೇರಿ ನಿಮ್ಹಾನ್ಸ್ ಆದದ್ದು 1974ರ ಕೊನೆಯಲ್ಲಿ. ಮರುವರ್ಷವೇ ಅಲ್ಲಿ ಸಮುದಾಯ ಮನೋವೈದ್ಯ ವಿಭಾಗ ಶುರುವಾಯಿತು. ಅದನ್ನು ಕಟ್ಟಿದವರು ಡಾ. ಆರ್.ಎಲ್. ಕಪೂರ್. ಅವರು ಅದಕ್ಕೂ ಮೊದಲು ನಮ್ಮ ಘಟ್ಟದ ಕೆಳಗಿನ ಕೋಟದಲ್ಲಿ ಅಧ್ಯಯನ ಮಾಡಿದ್ದವರು. ಮನಸ್ಸು ಕೆಟ್ಟಾಗ ಕೋಟದ ಜನ ಎಲ್ಲಿಗೆ ಹೋಗುತ್ತಾರೆ ಎಂದು ನೋಡಿದರೆ, ವೈದ್ಯರಲ್ಲಿಗೂ ಹೋಗುತ್ತಾರೆ, ಮಂತ್ರವಾದಿಯಲ್ಲಿಗೂ ಹೋಗುತ್ತಾರೆ, ದರ್ಶನ ಹೇಳುವ ಪಾತ್ರಿಯಲ್ಲಿಗೂ ಹೋಗುತ್ತಾರೆ; ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗುವುದಲ್ಲ, ಎಲ್ಲದಕ್ಕೂ ಹೋಗುತ್ತಾರೆ. ನಮ್ಮ ಮನೆಗಳ ಕತೆಯೂ ಇದೇ ಅಲ್ಲವೇ? ಪಾತ್ರಿಯ ಜಾಗದಲ್ಲಿ ದಮ್ ಮಾಡುವ ಹಜ್ರತರನ್ನೋ ನೂಲು ಕಟ್ಟುವ ಉಸ್ತಾದರನ್ನೋ ಇಟ್ಟರೆ ಆಯಿತು.

ಬೆಂಗಳೂರಿನ ಹೊರಗಿನ ಸಕಲವಾರ ಗ್ರಾಮದಲ್ಲಿ ನಿಮ್ಹಾನ್ಸ್‌ನ ಗ್ರಾಮೀಣ ಮಾನಸಿಕ ಆರೋಗ್ಯ ಕೇಂದ್ರ ಹುಟ್ಟಿತು. ಚಂದ್ರಶೇಖರ್ ಅವರು ಆ ತಂಡದಲ್ಲಿ ಕೆಲಸ ಮಾಡಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೆ, ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೆ ಮನೋರೋಗ ಗುರುತಿಸುವುದನ್ನೂ ಮೊದಲ ಹಂತದ ಚಿಕಿತ್ಸೆ ಕೊಡುವುದನ್ನೂ ಅಲ್ಲಿ ಕಲಿಸಲಾಯಿತು. ಡಾ. ಮೋಹನ್ ಐಸಾಕ್, ಡಾ. ಆರ್. ಶ್ರೀನಿವಾಸಮೂರ್ತಿ ಅವರ ಜೊತೆ ಸೇರಿ ಚಂದ್ರಶೇಖರ್ ಆ ವೈದ್ಯರಿಗಾಗಿ ಕೈಪಿಡಿಯನ್ನೂ ಬರೆದರು. 1982ರಲ್ಲಿ ದೇಶಕ್ಕೆ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. 1985ರಿಂದ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಇಡೀ ಜಿಲ್ಲೆಗೆ ಇದೇ ವಿಧಾನವನ್ನು ಹಬ್ಬಿಸಿ ನೋಡಿತು. ಇಂದು ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಎನ್ನುವುದು ಆ ಬಳ್ಳಾರಿ ಮಾದರಿಯ ಮಗು.

ಇದರಲ್ಲಿ ನೀತಿಯ ಮಾತೇನು ಎಂದು ನೀವು ಕೇಳಬಹುದು. ತನ್ನ ವಿದ್ಯೆಯನ್ನು ತನ್ನ ಕೋಣೆಯಲ್ಲೇ ಇಟ್ಟುಕೊಂಡಷ್ಟೂ ವೈದ್ಯನ ಬೆಲೆ ಏರುತ್ತದೆ. ನಮ್ಮ ಯುನಾನಿಯಲ್ಲಿ ಇದರ ಅನುಭವ ಬೇಕಾದಷ್ಟಿದೆ. ಅಜ್ಜನ ನುಸ್ಖಾ ಮೊಮ್ಮಗನಿಗೂ ಹೇಳದೆ ಸತ್ತ ಹಕೀಮರ ಕತೆಗಳನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಹೆಮ್ಮೆ ಪಡುವಂಥದ್ದು ಅದರಲ್ಲಿ ಏನಿದೆ ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಇಲ್ಲಿ ನೋಡಿದರೆ ದೇಶದ ದೊಡ್ಡ ಸಂಸ್ಥೆಯ ತಜ್ಞರು ಹಳ್ಳಿಯ ಎಂಬಿಬಿಎಸ್ ವೈದ್ಯರನ್ನು ಕೂರಿಸಿಕೊಂಡು “ಇದನ್ನು ನೀವೂ ಮಾಡಬಹುದು” ಎಂದು ಹೇಳಿಕೊಡುತ್ತಿದ್ದರು.

ಇನ್ನು ಮೈಮೇಲೆ ಬರುವುದರ ವಿಷಯ. 1980ರ ಸುಮಾರಿಗೆ ಚಂದ್ರಶೇಖರ್ ಅವರು ಡಾ. ಎಸ್.ಎಂ. ಚನ್ನಬಸವಣ್ಣ ಮೊದಲಾದವರ ಜೊತೆ ಇದನ್ನು ಅಧ್ಯಯನ ಮಾಡಿ ಮನೋವೈದ್ಯರ ಪತ್ರಿಕೆಗಳಲ್ಲಿ ಬರೆದರು. ನಗರದ ವೈದ್ಯರು ಮೂಢನಂಬಿಕೆ ಎಂದು ನಕ್ಕು ಬಿಡುವ ಸಂಗತಿಯನ್ನು ಗಂಭೀರವಾಗಿ ತೆಗೆದುಕೊಂಡದ್ದೇ ದೊಡ್ಡದು. ಮದುವೆಯಾಗಿ ಬಂದ ಮನೆಯಲ್ಲಿ ಬಾಯಿ ತೆರೆಯಲಾಗದ ಹೆಣ್ಣುಮಗಳ ಮೈಮೇಲೆ ಏನೋ ಬಂದಾಗ ಅತ್ತೆ, ಗಂಡ, ಮಾವ ಎಲ್ಲರೂ ಸುಮ್ಮನೆ ಕುಳಿತು ಅವಳ ಮಾತು ಕೇಳುತ್ತಾರೆ. ಅವಳಾಗಿ ಹೇಳಿದರೆ ಕೇಳುತ್ತಿರಲಿಲ್ಲ. ಎಲ್ಲ ಪ್ರಕರಣವೂ ಹೀಗೇ ಎನ್ನಲಾಗದು, ಆದರೆ ಅನೇಕ ಪ್ರಕರಣಗಳ ಒಳಗೆ ಇಂಥ ಸಂಕಟ ಇರುತ್ತದೆ ಎಂಬುದು ಮನೋವೈದ್ಯರ ತಿಳುವಳಿಕೆ. ನಮ್ಮಲ್ಲಿ ಅದನ್ನು ಜಿನ್ನ್ ಎಂದು ಕರೆದು, ಬಿಡಿಸಲು ಕೋಲು ಹಿಡಿಯುವವರಿದ್ದಾರೆ, ಮೆಣಸಿನ ಹೊಗೆ ಹಾಕುವವರಿದ್ದಾರೆ. ಜಿನ್ನ್ ಇದೆ ಎಂಬ ವಿಶ್ವಾಸ ಬೇರೆ, ಈ ಹುಡುಗಿಗೆ ಆಗಿರುವುದು ಅದೇ ಎಂಬ ತೀರ್ಪು ಬೇರೆ. ಎರಡನೆಯದನ್ನು ಹೇಳಲು ಹೊರಟವನು ಅವಳನ್ನು ಪರೀಕ್ಷೆ ಮಾಡಿದ್ದಾನೆಯೇ, ಅವಳನ್ನು ಒಬ್ಬಳನ್ನೇ ಮಾತನಾಡಿಸಿದ್ದಾನೆಯೇ ಎಂದು ಮನೆಯವರು ಕೇಳಬೇಡವೇ? ಕುರ್‌ಆನ್ ಓದಿ ಪ್ರಾರ್ಥಿಸುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಹೊಡೆಯುವುದಕ್ಕೆ ಅಡ್ಡಿ ಇದೆ, ಇರಲೇಬೇಕು.

ಕೋಲಿಗಿಂತ ಕೆಟ್ಟದ್ದು ಸರಪಳಿ. ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಏರ್ವಾಡಿ ದರ್ಗಾದ ಸುತ್ತ ಮನೋರೋಗಿಗಳನ್ನು ಇಟ್ಟುಕೊಳ್ಳುವ ಖಾಸಗಿ ಗುಡಿಸಲು ಮನೆಗಳಿದ್ದವು. 2001ರ ಆಗಸ್ಟ್ 6ರ ಬೆಳಗಿನ ಜಾವ ಅಂಥ ಒಂದು ಶೆಡ್ಡಿಗೆ ಬೆಂಕಿ ಬಿತ್ತು. ಒಳಗಿದ್ದವರನ್ನು ಸರಪಳಿಯಲ್ಲಿ ಕಟ್ಟಿದ್ದರು. ಓಡಲಾಗಲಿಲ್ಲ. ಒಟ್ಟು 28 ಮಂದಿ ಸತ್ತರು. ಅವರನ್ನು ಅಲ್ಲಿ ಬಿಟ್ಟವರು ಅವರ ಮನೆಯವರೇ. ಕ್ರೂರಿಗಳಲ್ಲ, ದಣಿದವರು, ಬೇರೆ ದಾರಿ ಗೊತ್ತಿಲ್ಲದವರು. ಅದಕ್ಕೆ ಎರಡು ವರ್ಷ ಮೊದಲು, 1999ರಲ್ಲಿ, ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ದೇಶದ 37 ಮಾನಸಿಕ ಆಸ್ಪತ್ರೆಗಳ ಸ್ಥಿತಿಗತಿಯ ವರದಿ ಪ್ರಕಟಿಸಿತ್ತು. ಆ ಕೆಲಸ ಮಾಡಿಕೊಟ್ಟದ್ದು ಡಾ. ಚನ್ನಬಸವಣ್ಣ ಅವರ ನೇತೃತ್ವದ ನಿಮ್ಹಾನ್ಸ್ ತಂಡ.  ಸರ್ಕಾರಿ ಆಸ್ಪತ್ರೆಗಳಲ್ಲೇ ಜೈಲಿನಂಥ ಕೋಣೆಗಳು ಉಳಿದಿದ್ದವು ಎಂಬುದನ್ನು ಅದು ಮುಚ್ಚಿಡದೆ ಬರೆಯಿತು. ತಮ್ಮದೇ ವೃತ್ತಿಯವರ ಮನೆಯೊಳಗಿನ ಕೊಳೆಯನ್ನು ವೈದ್ಯರೇ ಹೊರಗೆ ಹೇಳುವುದು ಸುಲಭವಲ್ಲ. ನಮ್ಮ ದರ್ಗಾಗಳ ಬಗ್ಗೆ, ನಮ್ಮ ಆಮಿಲರ ಬಗ್ಗೆ, ನಮ್ಮ ಹಕೀಮರ ಬಗ್ಗೆ ನಾವೇ ಹೀಗೆ ಬರೆದ ಒಂದು ವರದಿ ನನಗೆ ಇನ್ನೂ ಓದಲು ಸಿಕ್ಕಿಲ್ಲ.

ದರ್ಗಾಕ್ಕೆ ಹೋಗುವವರನ್ನು ಬೈದು ಪ್ರಯೋಜನವಿಲ್ಲ ಎಂಬುದಕ್ಕೂ ಒಂದು ಉದಾಹರಣೆ ಇದೆ. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ 2008ರ ಸುಮಾರಿಗೆ ‘ದವಾ ಔರ್ ದುಆ’ ಎಂಬ ಕಾರ್ಯಕ್ರಮ ಶುರುವಾಯಿತು. ದುಆ ಮಾಡುವವರು ದುಆ ಮಾಡುತ್ತಾರೆ, ಆಮೇಲೆ ಅವರೇ ರೋಗಿಯನ್ನು ಅಲ್ಲೇ ಕುಳಿತಿರುವ ಮನೋವೈದ್ಯರ ಬಳಿಗೆ ಕಳಿಸುತ್ತಾರೆ. ಯಾರೂ ಯಾರ ವಿಶ್ವಾಸಕ್ಕೂ ಕೈ ಹಾಕಲಿಲ್ಲ.

ಈಗ ಚಹಾದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಮ್ಮ ಮೂರು ತಾಲ್ಲೂಕುಗಳಲ್ಲಿ ಸರಪಳಿಗಿಂತ ಇದು ಹೆಚ್ಚು ನಡೆಯುತ್ತದೆ.

ಗುಟ್ಟಾಗಿ ಕುಡಿತ ಬಿಡಿಸುವ ಪುಡಿ ಎಂದು ಮಾರುವ ಸರಕಿನ ಬಗ್ಗೆ ಮೊದಲು ಹೇಳಬೇಕು. ಅಲೋಪತಿಯಲ್ಲಿ ಡೈಸಲ್ಫಿರಾಮ್ ಎಂಬ ಮಾತ್ರೆ ಇದೆ. ಕುಡಿತ ಬಿಡಲು ತಾನೇ ಮನಸ್ಸು ಮಾಡಿದವನಿಗೆ, ಪೂರ್ತಿ ವಿವರಿಸಿ, ರಕ್ತಪರೀಕ್ಷೆ ಮಾಡಿ ಕೊಡುವಂಥದ್ದು. ಅದನ್ನು ತೆಗೆದುಕೊಂಡ ಮೇಲೆ ಮದ್ಯ ಕುಡಿದರೆ ಮುಖ ಕೆಂಪೇರುತ್ತದೆ, ವಾಂತಿ, ಎದೆಬಡಿತ, ರಕ್ತದೊತ್ತಡದ ಕುಸಿತ. ಹೃದಯ ದುರ್ಬಲವಾಗಿದ್ದರೆ ಸಾವೂ ಬರಬಹುದು. ಗೊತ್ತಿದ್ದವನು ಆ ಭಯದಿಂದಲೇ ಕುಡಿಯುವುದಿಲ್ಲ, ಮದ್ದು ಕೆಲಸ ಮಾಡುವುದೇ ಹಾಗೆ. ಗೊತ್ತಿಲ್ಲದವನು ಎಂದಿನಂತೆ ಕುಡಿಯುತ್ತಾನೆ. ಹೆಂಡತಿ ಒಳ್ಳೆಯ ಮನಸ್ಸಿನಿಂದ ಸಾರಿಗೆ ಹಾಕಿದ್ದು ಗಂಡನನ್ನೇ ಕೊಲ್ಲಬಹುದು. ಹೆಸರಿಲ್ಲದ ಪುಡಿಯ ಪೊಟ್ಟಣದೊಳಗೆ ಏನಿದೆ ಎಂದು ಮಾರುವವನೂ ಹೇಳುವುದಿಲ್ಲ, ಕೊಳ್ಳುವವರೂ ಕೇಳುವುದಿಲ್ಲ.

ಮನೋರೋಗದ ಮಾತ್ರೆಗಳ ಕತೆಯೂ ಇದೇ. ಕೆಲವು ಮಾತ್ರೆಗಳಿಂದ ಕುತ್ತಿಗೆ ತಿರುಚಿಕೊಳ್ಳುತ್ತದೆ, ದವಡೆ ಹಿಡಿದುಕೊಳ್ಳುತ್ತದೆ. ಮದ್ದು ತಿನ್ನುತ್ತಿದ್ದೇನೆ ಎಂದು ಗೊತ್ತಿದ್ದವನು ಆಸ್ಪತ್ರೆಗೆ ಓಡುತ್ತಾನೆ, ಒಂದು ಇಂಜೆಕ್ಷನ್‌ಗೆ ಸರಿಹೋಗುತ್ತದೆ. ಗೊತ್ತಿಲ್ಲದವನಿಗೆ ಮಾಟದ ಅನುಮಾನ ಗಟ್ಟಿಯಾಗುತ್ತದೆ. ಲಿಥಿಯಂ ತೆಗೆದುಕೊಳ್ಳುವವರು ನೀರು ಸರಿಯಾಗಿ ಕುಡಿಯಬೇಕು, ರಕ್ತದಲ್ಲಿ ಅದರ ಮಟ್ಟ ನೋಡಿಸುತ್ತಿರಬೇಕು. ವ್ಯಾಲ್ಪ್ರೊಯೇಟ್ ಗರ್ಭಿಣಿಯ ಹೊಟ್ಟೆಯ ಮಗುವಿಗೆ ಅಪಾಯ. ಇನ್ನು ನಿದ್ದೆ ಬರಿಸುವ ಮದ್ದು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಅಡಿಕೆ ಮರ ಏರುವವನ ಬೆಳಗಿನ ಚಹಾಕ್ಕೆ ಅದನ್ನು ಬೆರೆಸಿದರೆ ಏನಾಗುತ್ತದೆ ಎಂದು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕೇ? ಘಾಟಿಯಲ್ಲಿ ಜೀಪು ಓಡಿಸುವವನಿಗೆ?

“ಯುನಾನಿ ಮದ್ದಿಗೆ ಅಡ್ಡಪರಿಣಾಮ ಇಲ್ಲವಲ್ಲ, ನೀವೇ ಏನಾದರೂ ಕೊಡಿ” ಎನ್ನುವವರಿಗೆ ಅಸ್ರೋಲ್‌ನ ಕತೆ ಹೇಳುತ್ತೇನೆ. ಅಸ್ರೋಲ್ ಎಂದರೆ ನಮ್ಮ ಸರ್ಪಗಂಧಿ. ಉನ್ಮಾದಕ್ಕೂ ನಿದ್ರಾಹೀನತೆಗೂ ಈ ನೆಲದ ವೈದ್ಯರು ಬಹುಕಾಲದಿಂದ ಬಳಸಿದ ಬೇರು, ನಮ್ಮ ‘ದವಾ ಉಶ್ ಶಿಫಾ’ದ ಮುಖ್ಯ ವಸ್ತು. 1931ರಲ್ಲಿ ದೆಹಲಿಯಲ್ಲಿ ಸಲೀಮುಝ್ಝಮಾನ್ ಸಿದ್ದೀಕಿ ಎಂಬ ರಸಾಯನ ವಿಜ್ಞಾನಿ ಅದರಿಂದ ಒಂದು ಸಾರವನ್ನು ಬೇರ್ಪಡಿಸಿ, ಹಕೀಮ್ ಅಜ್ಮಲ್ ಖಾನರ ನೆನಪಿಗೆ ಅದಕ್ಕೆ ಅಜ್ಮಲೀನ್ ಎಂದು ಹೆಸರಿಟ್ಟರು. 1952ರಲ್ಲಿ ಅದೇ ಬೇರಿನಿಂದ ರೆಸರ್ಪಿನ್ ಸಿಕ್ಕಿತು, ಪಶ್ಚಿಮದ ಮಾನಸಿಕ ಆಸ್ಪತ್ರೆಗಳು ಅದನ್ನು ಬಳಸಿದವು. ಆಮೇಲೆ ಗೊತ್ತಾಯಿತು: ಅದು ರಕ್ತದೊತ್ತಡವನ್ನು ಇಳಿಸುತ್ತದೆ, ಕೆಲವರನ್ನು ಖಿನ್ನತೆಗೆ ತಳ್ಳುತ್ತದೆ. ಹುಚ್ಚು ಇಳಿಸುವ ಬೇರು ಮನಸ್ಸನ್ನು ಕುಗ್ಗಿಸಲೂಬಹುದು. ಅಡ್ಡಪರಿಣಾಮವೇ ಇಲ್ಲದ ಮದ್ದಿಗೆ ಪರಿಣಾಮವೂ ಇರುವುದಿಲ್ಲ ಎಂದು ನಮಗೆ ಕಲಿಸಿದ ಉಸ್ತಾದರೊಬ್ಬರು ಹೇಳುತ್ತಿದ್ದರು.

ಕೆಲವು ಹಿರಿಯರು ಇಬ್ನ್ ಸೀನಾರ ಕತೆಯನ್ನು ಎದುರಿಡುತ್ತಾರೆ. ತಾನು ಹಸು, ನನ್ನನ್ನು ಕೊಯ್ಯಿರಿ ಎಂದು ಅರಚುತ್ತಾ ಊಟ ಬಿಟ್ಟಿದ್ದ ರಾಜಕುಮಾರನ ಬಳಿಗೆ ಇಬ್ನ್ ಸೀನಾ ಕಟುಕನಂತೆ ಕತ್ತಿ ಹಿಡಿದು ಹೋಗಿ, “ಈ ಹಸು ಬಡಕಲಾಗಿದೆ, ಮೇಯಿಸಿ ಕೊಬ್ಬಿಸಿ” ಎಂದರಂತೆ. ಅವನು ಉಣ್ಣತೊಡಗಿದ, ಊಟದ ಜೊತೆ ಮದ್ದೂ ಹೋಯಿತು, ಗುಣವಾದ. ಪರ್ಷಿಯನ್ ಲೇಖಕ ನಿಝಾಮಿ ಅರೂಝಿ ಹೇಳಿದ ಕತೆ ಇದು. ಸೊಗಸಾದ ಕತೆ, ನಾನೂ ಹೇಳುತ್ತೇನೆ. ಆದರೆ ಗಮನಿಸಿ, ಆ ಹುಡುಗ ಹಸಿವಿನಿಂದ ಸಾಯುತ್ತಿದ್ದ. ವೈದ್ಯ ಎದುರಿಗೇ ಬಂದ, ಅವನ ಮಾತಿನಲ್ಲೇ ಅವನ ಜೊತೆ ಮಾತನಾಡಿದ, ದಿನವೂ ಅವನ ಮೇಲೆ ವೈದ್ಯನ ಕಣ್ಣಿತ್ತು. ರೋಗಿಯ ಮುಖವನ್ನೇ ನೋಡದೆ ತಾಯಿಯ ಕೈಗೆ ಪೊಟ್ಟಣ ಕೊಟ್ಟು ಕಳಿಸುವ ವೈದ್ಯ ಇಬ್ನ್ ಸೀನಾರ ಹೆಸರು ಹೇಳುವಂತಿಲ್ಲ. ವೈದ್ಯನ ನಡತೆಯ ಬಗ್ಗೆಯೇ ಇಸ್ಹಾಕ್ ಇಬ್ನ್ ಅಲಿ ಅರ್ರುಹಾವಿ ಒಂಬತ್ತನೇ ಶತಮಾನದಲ್ಲಿ ‘ಅದಬುತ್ತಬೀಬ್’ ಎಂಬ 20 ಅಧ್ಯಾಯಗಳ ಗ್ರಂಥ ಬರೆದಿದ್ದಾರೆ. ನಮ್ಮ ಪರಂಪರೆಯಲ್ಲಿ ನೀತಿಯ ಕೊರತೆ ಇರಲಿಲ್ಲ.

ಹಾಗಾದರೆ ಆಸ್ಪತ್ರೆಗೆ ಬರಲು ಒಪ್ಪದವನನ್ನು ಏನು ಮಾಡುವುದು? ತಾಯಿಯ ಈ ಪ್ರಶ್ನೆ ನ್ಯಾಯವಾದದ್ದು, ಅದಕ್ಕೆ ಉತ್ತರ ಕೊಡದೆ ನೀತಿ ಹೇಳುವುದು ಅನ್ಯಾಯ. 2018ರ ಮೇ 29ರಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಉತ್ತರ ಕೊಡುತ್ತದೆ. ಅವನ ಜೀವಕ್ಕೋ ಇತರರ ಜೀವಕ್ಕೋ ಅಪಾಯ ಇದ್ದರೆ ಯಾವುದೇ ನೋಂದಾಯಿತ ವೈದ್ಯರು ತುರ್ತು ಚಿಕಿತ್ಸೆ ಕೊಡಬಹುದು, 72 ಗಂಟೆಯವರೆಗೆ. ಅವನಿಗೆ ನಿರ್ಧರಿಸುವ ಶಕ್ತಿಯೇ ಇಲ್ಲದಷ್ಟು ರೋಗ ಹೆಚ್ಚಿದ್ದರೆ ಅವನ ಪ್ರತಿನಿಧಿಯ ಅರ್ಜಿಯ ಮೇಲೆ 30 ದಿನದವರೆಗೆ ಆಸ್ಪತ್ರೆಗೆ ಸೇರಿಸಿಕೊಳ್ಳುವ ಅವಕಾಶವಿದೆ. ಅದಕ್ಕೆ ತಜ್ಞರ ಪರೀಕ್ಷೆ ಆಗಬೇಕು, ಮೇಲೆ ಪ್ರಶ್ನಿಸುವ ಹಕ್ಕು ರೋಗಿಗೆ ಇರುತ್ತದೆ. ಅಂದರೆ ಒಪ್ಪಿಗೆ ಇಲ್ಲದೆಯೂ ಚಿಕಿತ್ಸೆ ಕೊಡುವ ದಾರಿ ಇದೆ, ಅದು ಬೆಳಕಿನಲ್ಲಿ ನಡೆಯುವ ದಾರಿ. ಯಾರು, ಏಕೆ, ಎಷ್ಟು ದಿನ ಎಂದು ಬರೆದಿಡಬೇಕಾಗುತ್ತದೆ. ಅದೇ ಕಾಯ್ದೆ ಮನೋರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸಿದೆ, ಅರಿವಳಿಕೆ ಇಲ್ಲದೆ ವಿದ್ಯುತ್ ಚಿಕಿತ್ಸೆ ಕೊಡುವುದನ್ನು ನಿಷೇಧಿಸಿದೆ, ರೋಗಿಯ ವಿವರವನ್ನು ಗುಟ್ಟಾಗಿ ಇಡಬೇಕು ಎಂದಿದೆ.

ಬಹುಪಾಲು ಪ್ರಕರಣಗಳಲ್ಲಿ ಇಷ್ಟು ದೂರ ಹೋಗಬೇಕಾಗಿಲ್ಲ. “ನಿನಗೆ ಹುಚ್ಚು, ಬಾ” ಎಂದರೆ ಯಾರು ಬರುತ್ತಾರೆ? “ನಿದ್ದೆ ಬರುತ್ತಿಲ್ಲವಲ್ಲ, ಅದಕ್ಕೆ ತೋರಿಸೋಣ” ಎಂದರೆ ಬರುತ್ತಾರೆ. ಅದು ಸುಳ್ಳೂ ಅಲ್ಲ, ಅವನಿಗೆ ನಿದ್ದೆ ಬರುತ್ತಿಲ್ಲ. ಅವನು ಗೌರವಿಸುವ ಒಬ್ಬರು, ಸೋದರಮಾವನೋ ಮದ್ರಸದಲ್ಲಿ ಕಲಿಸಿದ ಉಸ್ತಾದರೋ ಜೊತೆಗೆ ಬಂದರೆ ಅರ್ಧ ಕೆಲಸ ಆದಂತೆ. ಚಂದ್ರಶೇಖರ್ ಅವರ ಕನ್ನಡ ಪುಸ್ತಕಗಳ ಪ್ರಯೋಜನ ಇಲ್ಲಿದೆ. ಸ್ಕಿಝೋಫ್ರೇನಿಯಾ ಎಂದರೇನು, ಖಿನ್ನತೆ ಎಂದರೇನು, ಮಾತ್ರೆ ಎಷ್ಟು ಕಾಲ ಬೇಕು ಎಂಬುದನ್ನು ಮನೆಯ ಹುಡುಗಿ ಓದಿ ಅಜ್ಜಿಗೆ ಹೇಳಬಹುದಾದ ಕನ್ನಡದಲ್ಲಿ ಅವರು ಬರೆದರು. ಒಪ್ಪಿಗೆ ಎಂದರೆ ಕಾಗದದ ಕೆಳಗೆ ಹೆಬ್ಬೆಟ್ಟು ಒತ್ತಿಸುವುದು ಎಂದುಕೊಂಡ ನಮ್ಮ ಆಸ್ಪತ್ರೆಗಳ ನಡುವೆ, ರೋಗಿಗೆ ಅರ್ಥವಾಗುವ ಮಾತಿನಲ್ಲಿ ಹೇಳಿದರೆ ಮಾತ್ರ ಒಪ್ಪಿಗೆಗೆ ಅರ್ಥ ಎಂಬುದನ್ನು ನಾನು ಆ ಪುಸ್ತಕಗಳಿಂದ ಓದಿಕೊಂಡೆ. ನಮ್ಮಲ್ಲಿ ಬ್ಯಾರಿ ಮಾತನಾಡುವವರಿದ್ದಾರೆ, ಉರ್ದು ಮಾತನಾಡುವವರಿದ್ದಾರೆ. ಆ ಮಾತುಗಳಲ್ಲಿ ಈ ಕೆಲಸ ಮಾಡುವವರು ಇನ್ನೂ ಬೇಕು.

ಎರಡನೇ ಬೇಡಿಕೆ, ಯಾರಿಗೂ ಹೇಳಬೇಡಿ ಎನ್ನುವುದು. ಇದು ಮುರಿದು ಬೀಳುವುದು ಹೆಚ್ಚಾಗಿ ಮದುವೆಯ ಮಾತುಕತೆಯ ಸಮಯದಲ್ಲಿ. ಹುಡುಗಿಯ ಬಗ್ಗೆ ವಿಚಾರಿಸಲು ಬಂದವರು ಔಷಧದ ಅಂಗಡಿಯಲ್ಲಿ ಕೇಳುತ್ತಾರೆ, ಕ್ಲಿನಿಕ್ಕಿನ ಹೊರಗೆ ಕೂತ ಹುಡುಗನನ್ನು ಕೇಳುತ್ತಾರೆ, ಕೊನೆಗೆ ವೈದ್ಯರನ್ನೇ ಕೇಳುತ್ತಾರೆ: “ನಮ್ಮವರೇ ಅಲ್ವಾ, ಒಂದು ಮಾತು ಹೇಳಿಬಿಡಿ.” ನನ್ನ ಉತ್ತರ ಯಾವಾಗಲೂ ಒಂದೇ: ನನ್ನ ಬಳಿಗೆ ಬಂದಿದ್ದಾರೆ ಎಂದೂ ಹೇಳುವುದಿಲ್ಲ, ಬಂದಿಲ್ಲ ಎಂದೂ ಹೇಳುವುದಿಲ್ಲ. ರೋಗಿ ಹೇಳಿದ್ದು ವೈದ್ಯನ ಬಳಿ ಇಟ್ಟ ಅಮಾನತ್, ಅದನ್ನು ಖರ್ಚು ಮಾಡುವ ಅಧಿಕಾರ ವೈದ್ಯನಿಗಿಲ್ಲ. ಹಾಗೆಂದು ಮನೆಯವರು ಎಲ್ಲವನ್ನೂ ಮುಚ್ಚಿ ನಿಕಾಹ್ ಮಾಡಿಸುವುದನ್ನು ನಾನು ಒಪ್ಪುವುದಿಲ್ಲ. ಹೇಳಬೇಕಾದವರು ಆ ಹುಡುಗ ಅಥವಾ ಹುಡುಗಿ, ತಾವಾಗಿ, ಮದುವೆಗೆ ಮೊದಲು. ಮಾತ್ರೆ ತೆಗೆದುಕೊಂಡು ಚೆನ್ನಾಗಿ ಸಂಸಾರ ಮಾಡುತ್ತಿರುವವರು ಬೇಕಾದಷ್ಟು ಜನರಿದ್ದಾರೆ. ಗಂಡನ ಮನೆಗೆ ತಿಳಿಯದಿರಲಿ ಎಂದು ಮದುವೆಯ ವಾರ ಮಾತ್ರೆ ನಿಲ್ಲಿಸಿ ಮೂರು ತಿಂಗಳಲ್ಲಿ ತವರಿಗೆ ವಾಪಸ್ಸಾದವರೂ ಇದ್ದಾರೆ. “ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತದೆ” ಎಂಬ ಮಾತಂತೂ ಇನ್ನೊಬ್ಬರ ಮಗಳನ್ನು ಮದ್ದಾಗಿ ಬಳಸುವುದು.

ಇನ್ನೊಂದು ಸಣ್ಣ ವಿಷಯ, ಆದರೆ ನನಗೆ ಸಣ್ಣದಲ್ಲ. ಹೆಣ್ಣುಮಕ್ಕಳನ್ನು ಕರೆತಂದಾಗ ವೈದ್ಯರು ಕೇಳಿದ ಪ್ರಶ್ನೆಗೆಲ್ಲ ಜೊತೆಗಿದ್ದವರೇ ಉತ್ತರಿಸುತ್ತಾರೆ. ಗಂಡ ದುಬೈಯಲ್ಲಿ, ಇವಳು ಅತ್ತೆಯ ಜೊತೆ. “ಊಟ ಸೇರೋದಿಲ್ಲ, ಅಷ್ಟೇ” ಎನ್ನುತ್ತಾರೆ ಅತ್ತೆ. ಹತ್ತು ನಿಮಿಷ ಅವಳನ್ನು ಪ್ರತ್ಯೇಕವಾಗಿ ಮಾತನಾಡಲು ಬಿಡಿ. ಬಾಗಿಲು ತೆರೆದಿರಲಿ, ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಮನೆಯ ಹೆಂಗಸರು ಕುಳಿತಿರಲಿ, ಕಿವಿಗೆ ಕೇಳದಷ್ಟು ದೂರ ಇದ್ದರೆ ಸಾಕು. ವೈದ್ಯೆ ಇದ್ದರೆ ಇನ್ನೂ ಒಳ್ಳೆಯದು. ಎಷ್ಟೋ ಸಲ ಊಟ ಸೇರದಿರುವುದರ ಕಾರಣ ಆ ಹತ್ತು ನಿಮಿಷದಲ್ಲೇ ಸಿಗುತ್ತದೆ.

ನನ್ನ ಮಿತಿಯನ್ನೂ ಹೇಳಿಬಿಡುತ್ತೇನೆ. 2017ರ ಕಾಯ್ದೆಯ ಪ್ರಕಾರ ಯುನಾನಿಯಲ್ಲಿ ‘ಮುಆಲಜಾತ್ (ನಫ್ಸಿಯಾತ್)’ ಸ್ನಾತಕೋತ್ತರ ಪದವಿ ಇದ್ದವರು ಮಾನಸಿಕ ಆರೋಗ್ಯ ತಜ್ಞರ ವ್ಯಾಖ್ಯೆಯಲ್ಲಿ ಸೇರುತ್ತಾರೆ. ನನ್ನದು ಬಿಯುಎಂಎಸ್ ಮಾತ್ರ. ಹಾಗಾಗಿ ಮಾಲಿಖೂಲಿಯಾದ ಬಗ್ಗೆ ನಾನೆಷ್ಟು ಓದಿದ್ದರೂ, ಭ್ರಮೆಯಲ್ಲಿ ಮಾತನಾಡುವವನನ್ನೂ ಸಾಯುವ ಮಾತಾಡುವವನನ್ನೂ ನಾನು ಇಟ್ಟುಕೊಳ್ಳುವುದಿಲ್ಲ, ಮನೋವೈದ್ಯರಿಗೆ ಕಾಗದ ಬರೆದು ಕಳಿಸುತ್ತೇನೆ. ನನ್ನ ವೃತ್ತಿಯ ಕೆಲವು ಗೆಳೆಯರಿಗೆ ಇದು ಹಿಡಿಸುವುದಿಲ್ಲ. ನಮ್ಮ ಪದ್ಧತಿಯನ್ನು ನಾವೇ ಕೀಳು ಮಾಡಿದಂತೆ ಎನ್ನುತ್ತಾರೆ. ತನ್ನ ಕೈಗೆ ಮೀರಿದ್ದು ಯಾವುದು ಎಂದು ತಿಳಿಯದಿರುವುದೇ ಪದ್ಧತಿಗೆ ಕೀಳು ಎಂದು ನಾನು ತಿಳಿದಿದ್ದೇನೆ.

ಕಳಿಸುವುದು ಎಲ್ಲಿಗೆ ಎಂಬುದೂ ನಮ್ಮ ಕಡೆ ದೊಡ್ಡ ಪ್ರಶ್ನೆಯೇ. ಶಿವಮೊಗ್ಗ, ಮಣಿಪಾಲ, ಮಂಗಳೂರು ಎಂದರೆ ಒಂದು ದಿನದ ಕೂಲಿ, ಇಬ್ಬರ ಬಸ್ ಚಾರ್ಜು, ಮಳೆಗಾಲದಲ್ಲಿ ಘಾಟಿಯ ಭಯ. ಹಳದಿ ಎಲೆ ರೋಗ ಹೊಕ್ಕ ಅಡಿಕೆ ತೋಟದವರಿಗೆ, ಎಸ್ಟೇಟಿನ ಲೈನ್ ಮನೆಯವರಿಗೆ ಅದು ಹಗುರವಲ್ಲ. ಈ ಕೊರತೆಯ ಜಾಗದಲ್ಲೇ ಗುಟ್ಟಿನ ಪುಡಿ ಮಾರುವವನು ಬಂದು ಕೂರುವುದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೇ ಬರುವ ‘ಮನೋಚೈತನ್ಯ’ ಕ್ಲಿನಿಕ್‌ಗಳನ್ನು ಕರ್ನಾಟಕ ಸರ್ಕಾರ ಮಂಗಳವಾರಗಳಿಗೆ ಗೊತ್ತುಮಾಡಿತ್ತು. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಯಾವ ದಿನ ಎಂದು ಕೇಳಿ, ಬರುತ್ತಿಲ್ಲವಾದರೆ ಏಕೆ ಬರುತ್ತಿಲ್ಲ ಎಂದು ಜಮಾಅತಿನ ವತಿಯಿಂದ ಬರೆದು ಕೇಳಿ. ರಸ್ತೆಗೆ, ನೀರಿಗೆ ಅರ್ಜಿ ಕೊಡುವ ನಾವು ಇದಕ್ಕೆ ಒಮ್ಮೆಯೂ ಕೊಟ್ಟಿಲ್ಲ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ದೂರವಾಣಿ ಸೇವೆಯೂ ಇದೆ. ಸಂಖ್ಯೆ 14416, ಹಗಲು ರಾತ್ರಿ, ಹಣವಿಲ್ಲ, ಕನ್ನಡದಲ್ಲೇ ಮಾತನಾಡಬಹುದು.

ಚಂದ್ರಶೇಖರ್ ಅವರು ನಿಮ್ಹಾನ್ಸ್‌ನಿಂದ ನಿವೃತ್ತರಾದ ಮೇಲೆ ಬೇಕಿದ್ದರೆ ದೊಡ್ಡ ಖಾಸಗಿ ಆಸ್ಪತ್ರೆಯಲ್ಲಿ ಕುಳಿತು ಸಂಪಾದಿಸಬಹುದಿತ್ತು. ಅವರು ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಕಡೆ ‘ಸಮಾಧಾನ’ ಎಂಬ ಆಪ್ತಸಲಹಾ ಕೇಂದ್ರ ನಡೆಸಿದರು. ಅಲ್ಲಿ ಶುಲ್ಕವಿಲ್ಲ. ಗೃಹಿಣಿಯರು, ನಿವೃತ್ತರು, ಶಿಕ್ಷಕರು ಹೀಗೆ ಸಾಮಾನ್ಯರಿಗೆ ತರಬೇತಿ ಕೊಟ್ಟು ಕೇಳುವ ಕಿವಿಗಳನ್ನು ತಯಾರು ಮಾಡಿದರು. ಸಕಲವಾರದಲ್ಲಿ ವೈದ್ಯರಿಗೆ ಹಂಚಿದ್ದನ್ನು ಇಲ್ಲಿ ನೆರೆಹೊರೆಯವರಿಗೆ ಹಂಚಿದಂತಾಯಿತು. ಕೊಪ್ಪದಲ್ಲೋ ಬಾಳೆಹೊನ್ನೂರಿನಲ್ಲೋ ಮಸೀದಿಯ ಪಕ್ಕದ ಮದ್ರಸ ಕಟ್ಟಡ ಮಧ್ಯಾಹ್ನ ಖಾಲಿ ಇರುತ್ತದೆ. ವಾರಕ್ಕೊಂದು ಮಧ್ಯಾಹ್ನ, ತರಬೇತಿ ಪಡೆದ ಇಬ್ಬರು ಹೆಂಗಸರು ಮತ್ತು ಒಬ್ಬರು ಗಂಡಸು ಅಲ್ಲಿ ಕೂರಲು ಏನು ಖರ್ಚು? ಎರಡು ಕುರ್ಚಿ, ಒಂದು ಪರದೆ. ಯಾರ ಹೆಸರನ್ನೂ ಬರೆದುಕೊಳ್ಳುವ ರಿಜಿಸ್ಟರ್ ಮಾತ್ರ ಬೇಡ.